ಫ್ರಾಂಚೈಸಿ ಕೈಕೊಟ್ಟರೆ ಪರಿಹಾರ ಎಲ್ಲಿದೆ?

ವಿಶಾಖಪಟ್ಟಣ, ವಿಜಯವಾಡದ ಉಡುಪಿ ಹೋಟೆಲುಗಳ ಗಲ್ಲಾದಲ್ಲಿ ಕುಳಿತ ನಮ್ಮವರಿಗೆ ವ್ಯಾಪಾರದ ಲಾಭ ನಷ್ಟ ಹೊಸದೇನಲ್ಲ. ಆದರೆ ಸ್ವಂತ ಹೆಸರಿನ ಬೋರ್ಡು ಹಾಕುವ ಬದಲು ಹೆಸರಾಂತ ಕಂಪೆನಿಯ ಫ್ರಾಂಚೈಸಿ ಪಡೆಯುವ ಮಾತು ಬಂದಾಗ ಲೆಕ್ಕಾಚಾರವೇ ಬೇರೆ. ಠೇವಣಿ, ಅಂಗಡಿಯ ಅಲಂಕಾರ, ಯಂತ್ರೋಪಕರಣ ಎಂದು ಸುರಿಯುವ ಹಣದಲ್ಲಿ ಊರಿನ ಜಾಗ ಅಡವಿಟ್ಟ ಸಾಲವೂ ಸೇರಿರುತ್ತದೆ. ವರ್ಷ ತುಂಬುವ ಮೊದಲೇ ಕಂಪೆನಿ ಸರಕು ನಿಲ್ಲಿಸಿದರೆ, ನಿಮಗೇ ಮೀಸಲೆಂದ ಬಡಾವಣೆಯಲ್ಲಿ ಇನ್ನೊಬ್ಬರಿಗೆ ಶಾಖೆ ಕೊಟ್ಟರೆ ಗತಿಯೇನು?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1970ರಲ್ಲೇ ಫ್ರಾಂಚೈಸಿಗೆಂದು ಪ್ರತ್ಯೇಕ ಕಾಯ್ದೆ ಮಾಡಿತು. ವಾಷಿಂಗ್ಟನ್ ರಾಜ್ಯದಲ್ಲಂತೂ ನ್ಯಾಯಾಲಯ ಪರಿಹಾರವನ್ನು ನಷ್ಟದ ಮೂರು ಪಟ್ಟಿನವರೆಗೆ ಏರಿಸಬಹುದು. ಅಂಥ ಕಾಯ್ದೆ ಆಂಧ್ರದಲ್ಲಿಲ್ಲ, ಕೇಂದ್ರದ್ದೂ ಇಲ್ಲ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ನಮಗೆ ಆಸರೆಯಾಗಿರುವುದು 1872ರ ಭಾರತೀಯ ಕರಾರು ಕಾಯ್ದೆ.

ಅದರ 73ನೇ ಕಲಮಿನಂತೆ, ಕರಾರು ಮುರಿದವರು ಅದರಿಂದ ಸಹಜವಾಗಿ ಆದ ನಷ್ಟವನ್ನೂ, ಕರಾರಿನ ವೇಳೆ ಇಬ್ಬರಿಗೂ ತಿಳಿದಿದ್ದ ಸಂಭವನೀಯ ನಷ್ಟವನ್ನೂ ತುಂಬಿಕೊಡಬೇಕು. ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರವಿಲ್ಲ. ಉದಾಹರಣೆಗೆ, ಅಲಂಕಾರಕ್ಕೆ 8 ಲಕ್ಷ ಹಾಕಿದ್ದೀರಿ ಎನ್ನೋಣ. ಬಿಲ್ಲುಗಳಿದ್ದರೆ ಬೇಡಿಕೆಗೆ ಬಲ ಬರುತ್ತದೆ. 'ಹತ್ತು ವರ್ಷ ಕೋಟಿ ಕೋಟಿ ಲಾಭ ಬರುತ್ತಿತ್ತು' ಎಂಬ ಬಾಯಿಮಾತು ನಿಲ್ಲುವುದು ಕಷ್ಟ. ನಷ್ಟ ತಗ್ಗಿಸಲು ನೀವೇನು ಮಾಡಿದಿರಿ ಎಂಬುದನ್ನೂ ನ್ಯಾಯಾಲಯ ನೋಡುತ್ತದೆ. ಅಂಗಡಿಗೆ ಬೀಗ ಹಾಕಿ ಸುಮ್ಮನೆ ಕುಳಿತರೆ ಅದೂ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ, 74ನೇ ಕಲಮಿನಂತೆ ಅದು ಗರಿಷ್ಠ ಮಿತಿ ಮಾತ್ರ. ಆ ಮಿತಿಯೊಳಗೆ ಸಿಗುವುದು ನ್ಯಾಯಯುತ ಪರಿಹಾರವಷ್ಟೇ. ಠೇವಣಿ ಮುಟ್ಟುಗೋಲಿಗೂ ಈ ತತ್ವ ಅನ್ವಯ ಎಂದು ಕೈಲಾಶ್ ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪಿತ್ತಿದೆ. ಇನ್ನು ಸುಳ್ಳು ಲೆಕ್ಕ ತೋರಿಸಿ ಸಹಿ ಹಾಕಿಸಿಕೊಂಡಿದ್ದರೆ 19ನೇ ಕಲಮಿನಂತೆ ಕರಾರನ್ನೇ ರದ್ದುಪಡಿಸಬಹುದು.

ದಾವೆ ಹೂಡುವುದೆಲ್ಲಿ? 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯು ಫ್ರಾಂಚೈಸಿ ಕರಾರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. 2018ರ ತಿದ್ದುಪಡಿಯ ಬಳಿಕ 3 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟ ವ್ಯಾಜ್ಯಗಳು ಇಲ್ಲಿಗೆ ಬರುತ್ತವೆ. ವಿಶಾಖಪಟ್ಟಣ, ವಿಜಯವಾಡ ಎರಡರಲ್ಲೂ ವಾಣಿಜ್ಯ ನ್ಯಾಯಾಲಯಗಳಿವೆ. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ಮೊದಲು ಮಧ್ಯಸ್ಥಿಕೆ ಕಡ್ಡಾಯ. ಇದನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಖಚಿತಪಡಿಸಿದೆ. ಕರಾರು ಮುರಿದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕು.

ಒಂದು ಎಚ್ಚರಿಕೆ: ಕರಾರಿನ ಕೊನೆಯ ಪುಟಗಳಲ್ಲಿ 'ವ್ಯಾಜ್ಯವೆಲ್ಲ ದೆಹಲಿಯಲ್ಲಿ ಪಂಚಾಯ್ತಿದಾರರ ಮುಂದೆ' ಎಂಬ ಷರತ್ತು ಅಡಗಿರಬಹುದು. ಹಾಗಿದ್ದರೆ ಮನೆಬಾಗಿಲಿನ ನ್ಯಾಯಾಲಯವಿದ್ದೂ ದೂರದೂರಿಗೆ ಅಲೆಯಬೇಕಾದೀತು. ಆದ್ದರಿಂದ ವ್ಯಾಪಾರದ ಪ್ರದೇಶ, ಅವಧಿ, ಠೇವಣಿ ವಾಪಸಾತಿ, ವ್ಯಾಜ್ಯದ ಸ್ಥಳ ಈ ನಾಲ್ಕನ್ನು ಸಹಿಗೆ ಮುನ್ನ ವಕೀಲರಿಂದ ಓದಿಸಿಕೊಳ್ಳಿ. ಕಂಪೆನಿಯವರು ಬಾಯಲ್ಲಿ ಕೊಟ್ಟ ಭರವಸೆಯನ್ನು ಪತ್ರದಲ್ಲಿ ಬರೆಸಿಕೊಳ್ಳಿ.

ರಾಜ್ಯೋತ್ಸವ, ಯುಗಾದಿಗೆ ಒಂದಾಗುವ ನಮ್ಮ ಸಂಘಗಳು ವಕೀಲ ಸದಸ್ಯರಿಂದ ವರ್ಷಕ್ಕೊಮ್ಮೆಯಾದರೂ ಇಂಥ ಮಾಹಿತಿ ಕೊಡಿಸಿದರೆ ಯಾರದೋ ಮನೆಯ ಉಳಿತಾಯ ಉಳಿದೀತು.