ಮರದ ಉಂಗುರಗಳಲ್ಲಿ ಕಾಲಗಣನೆ ಮತ್ತು ಜಲಗಣನೆ

ಗತಕಾಲದ ಹವಾಮಾನವನ್ನು ಅರಿಯಲು ಲಿಖಿತ ದಾಖಲೆಗಳು ಸಾಲದಾದಾಗ ನೆರವಿಗೆ ಬರುವ ಆಕರಗಳಲ್ಲಿ ಮರದ ವಾರ್ಷಿಕ ಉಂಗುರಗಳು ಮುಖ್ಯವಾದವು. ಈ ಆಕರದ ಅಧ್ಯಯನವನ್ನು ಒಂದು ಶಾಸ್ತ್ರವಾಗಿ ಬೆಳೆಸಿದ ಕೇಂದ್ರಗಳಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಮರದ ಉಂಗುರ ಸಂಶೋಧನಾಲಯಕ್ಕೆ ಅಗ್ರಸ್ಥಾನವಿದೆ. ಟೂಸಾನ್ ನಗರದಲ್ಲಿ 1937ರಲ್ಲಿ ಇದನ್ನು ಸ್ಥಾಪಿಸಿದ ಆಂಡ್ರ್ಯೂ ಎಲಿಕಾಟ್ ಡಗ್ಲಸ್ (1867–1962) ಮೂಲತಃ ಖಗೋಳಶಾಸ್ತ್ರಜ್ಞ. ಸೂರ್ಯಕಲೆಗಳ ಸುಮಾರು 11 ವರ್ಷಗಳ ಆವರ್ತನಕ್ಕೂ ಭೂಮಿಯ ಹವಾಮಾನಕ್ಕೂ ಸಂಬಂಧವಿದೆಯೇ ಎಂಬ ಪ್ರಶ್ನೆ ಆತನನ್ನು 1904ರ ಸುಮಾರಿಗೆ ಫ್ಲ್ಯಾಗ್‌ಸ್ಟಾಫ್ ಪರಿಸರದ ಪೈನ್ ಮರಗಳತ್ತ ಕರೆದೊಯ್ದಿತು.

ಈ ಶಾಸ್ತ್ರ ಅರಿಜೋನಾದಲ್ಲಿ ಬೇರೂರಿದ್ದು ಆಕಸ್ಮಿಕವಲ್ಲ. ಟೂಸಾನ್ ಸೊನೋರಾ ಮರುಭೂಮಿಯ ನಡುವೆ ಇದೆ. ಬಯಲಿನಲ್ಲಿ ಸಗ್ವಾರೊ ಕಳ್ಳಿಗಳು ಬೆಳೆದರೆ, ಉತ್ತರಕ್ಕಿರುವ ಸಾಂಟಾ ಕ್ಯಾಟಲೀನಾ ಬೆಟ್ಟಸಾಲು ಸುಮಾರು 2,790 ಮೀಟರ್ ಎತ್ತರಕ್ಕೇರಿ ತನ್ನ ನೆತ್ತಿಯಲ್ಲಿ ಪೈನ್ ಕಾಡನ್ನು ಹೊತ್ತಿದೆ. ಮಳೆ ಹೇರಳವಾಗಿರುವ ನೆಲದಲ್ಲಿ ಉಂಗುರಗಳು ಬಹುಮಟ್ಟಿಗೆ ಸಮನಾಗಿರುತ್ತವೆ; ನೀರಿಗಾಗಿ ಹೆಣಗುವ ಮರದಲ್ಲಿ ಮಾತ್ರ ಒಳ್ಳೆಯ ವರ್ಷ ಅಗಲವಾಗಿಯೂ ಬರಗಾಲ ಕಿರಿದಾಗಿಯೂ ಅಚ್ಚೊತ್ತುತ್ತವೆ. ಶುಷ್ಕ ವಾಯುಗುಣವು ಪ್ರಾಚೀನ ಮನೆಗಳ ತೊಲೆಗಳನ್ನೂ ಕೊಳೆಯದಂತೆ ಕಾಪಾಡಿದೆ.

ಉಂಗುರಗಳನ್ನು ಎಣಿಸಿದ ಮಾತ್ರಕ್ಕೆ ಕಾಲನಿರ್ಣಯವಾಗದು. ತೀವ್ರ ಬರದಲ್ಲಿ ಉಂಗುರ ಮೂಡದೆ ಹೋಗಬಹುದು. ಒಂದೇ ವರ್ಷದಲ್ಲಿ ಎರಡು ಮೂಡಿದಂತೆಯೂ ತೋರಬಹುದು. ಆದುದರಿಂದ ಅನೇಕ ಮರಗಳ ಅಗಲ–ಕಿರಿದುಗಳ ಕ್ರಮವನ್ನು ಪರಸ್ಪರ ಹೋಲಿಸಿ ಪ್ರತಿ ಉಂಗುರಕ್ಕೂ ವರ್ಷವನ್ನು ನಿಗದಿಪಡಿಸಬೇಕು. ಜೀವಂತ ಮರಗಳಿಂದ ಹಿಂದಕ್ಕೆ ಸಾಗಿದ ಸರಣಿಯೊಂದು, ಪ್ಯೂಬ್ಲೋ ಜನರ ಪಾಳುಮನೆಗಳ ತೊಲೆಗಳಿಂದ ದೊರೆತ ಸರಣಿ ಮತ್ತೊಂದು—ಇವೆರಡೂ ಬಹುಕಾಲ ಕೂಡಿರಲಿಲ್ಲ. 1929ರ ಜೂನ್ 22ರಂದು ಶೋ ಲೋ ಎಂಬಲ್ಲಿ ದೊರೆತ ‘ಎಚ್‌ಎಚ್-39’ ಎಂಬ ಸುಟ್ಟ ತೊಲೆ 1237ರಿಂದ 1380ರವರೆಗಿನ ಉಂಗುರಗಳನ್ನು ಹೊಂದಿದ್ದು ಅವೆರಡನ್ನೂ ಬೆಸೆಯಿತು. ಹದಿಮೂರನೆಯ ಶತಮಾನದ ಕೊನೆಯ ಮಹಾಬರದ ಕಿರಿದಾದ ಉಂಗುರಗಳೇ ಆ ಜೋಡಣೆಗೆ ಅಡ್ಡಿಯಾಗಿದ್ದವು ಎಂಬುದು ಗಮನಾರ್ಹ. ಲಿಪಿಯಿಲ್ಲದ ಸಮಾಜದ ಇತಿಹಾಸಕ್ಕೆ ಹೀಗೆ ನಿಖರವಾದ ವರ್ಷಗಳು ಒದಗಿದವು.

ಇದೇ ಸಂಶೋಧನಾಲಯದ ಎಡ್ಮಂಡ್ ಶುಲ್ಮನ್ 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಶ್ವೇತಪರ್ವತಗಳಲ್ಲಿ 4,000 ವರ್ಷಗಳಿಗೂ ಹೆಚ್ಚು ವಯಸ್ಸಿನ ಬ್ರಿಸಲ್‌ಕೋನ್ ಪೈನ್ ಮರಗಳನ್ನು ಗುರುತಿಸಿದನು. ಅನಂತರ ವೆಸ್ಲಿ ಫರ್ಗುಸನ್ ಸತ್ತ ಮರದ ತುಂಡುಗಳ ನೆರವಿನಿಂದ ಆ ಸರಣಿಯನ್ನು 7,000 ವರ್ಷಗಳಿಗೂ ಆಚೆಗೆ ವಿಸ್ತರಿಸಿದನು. ವರ್ಷ ತಿಳಿದ ಈ ಮರದ ಮಾದರಿಗಳು ರೇಡಿಯೋ ಇಂಗಾಲದ ಕಾಲಮಾಪನವನ್ನು ತಿದ್ದಿಕೊಳ್ಳಲು ಒರೆಗಲ್ಲಾದವು.

ಉಂಗುರಗಳ ಸಾಕ್ಷ್ಯ ವರ್ತಮಾನಕ್ಕೂ ಸಲ್ಲುತ್ತದೆ. 1922ರ ಒಪ್ಪಂದವು ಕೊಲರಾಡೊ ನದಿಯ ಮೇಲಣ ಮತ್ತು ಕೆಳಗಣ ಕಣಿವೆಗಳಿಗೆ ತಲಾ 75 ಲಕ್ಷ ಎಕರೆ ಅಡಿ ನೀರನ್ನು ಹಂಚಿತು. 1944ರ ಸಂಧಿ ಮೆಕ್ಸಿಕೋಗೆ 15 ಲಕ್ಷ ಎಕರೆ ಅಡಿಯನ್ನು ನಿಗದಿಗೊಳಿಸಿತು. ಸ್ಟಾಕ್ಟನ್ ಮತ್ತು ಜೇಕೊಬಿ 1976ರಲ್ಲಿ ಉಂಗುರಗಳಿಂದ ಪುನಾರಚಿಸಿದ ಹರಿವಿನ ಪ್ರಕಾರ ನದಿಯ ದೀರ್ಘಕಾಲೀನ ವಾರ್ಷಿಕ ಸರಾಸರಿ ಸುಮಾರು 135 ಲಕ್ಷ ಎಕರೆ ಅಡಿ ಮಾತ್ರ. ಇಪ್ಪತ್ತನೆಯ ಶತಮಾನದ ಆರಂಭವು ಅಸಾಮಾನ್ಯ ಮಳೆಗಾಲವಾಗಿತ್ತು. ಹಂಚಿಕೆಯಾದದ್ದು ಆ ಸಮೃದ್ಧಿಯ ನೀರು. ಅಲ್ಪಾವಧಿಯ ಮಾಪನವನ್ನು ನದಿಯ ಸ್ವಭಾವವೆಂದು ಭಾವಿಸಿದುದರ ಹೊರೆಯನ್ನು ಟೂಸಾನ್ ಸೇರಿದಂತೆ ಆ ಜಲವನ್ನು ನಂಬಿದ ನಗರಗಳು ಇಂದು ಹೊತ್ತಿವೆ.

ಕ್ರೀಡಾಂಗಣವೊಂದರ ಆಸನಸಾಲುಗಳ ಕೆಳಗೆ ದಶಕಗಳ ಕಾಲ ನಡೆದ ಈ ಸಂಶೋಧನಾಲಯವು 2013ರಲ್ಲಿ ಸ್ವಂತ ಕಟ್ಟಡವನ್ನು ಪಡೆಯಿತು. ಉಷ್ಣವಲಯದ ಅನೇಕ ಮರಗಳಲ್ಲಿ ಉಂಗುರಗಳು ಅಸ್ಪಷ್ಟವಾದರೂ, ದಕ್ಷಿಣ ಭಾರತದ ತೇಗ ವಾರ್ಷಿಕ ಉಂಗುರಗಳನ್ನು ರೂಪಿಸುತ್ತದೆ. ಮುಂಗಾರಿನ ಗತವನ್ನು ಅರಸುವವರಿಗೆ ಅದೊಂದು ಆಕರ. ಹಳೆಯ ಮನೆಗಳ ತೊಲೆ, ಕಂಬಗಳು ಸೌದೆಯಾಗುವ ಮುನ್ನ ಅವುಗಳಲ್ಲಿ ಅಡಗಿರುವ ದಾಖಲೆಯನ್ನು ಸಂರಕ್ಷಿಸುವುದು ಅಗತ್ಯ.