ಅಧ್ಯಕ್ಷರ ಸಹಿಗೆ ಬಲವೆಷ್ಟು?

ಪ್ರಶ್ನೆ: ಅಮೆರಿಕದ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದ ಮಾತ್ರಕ್ಕೆ ಎಐ ಕಂಪನಿಗಳು ಅದನ್ನು ಪಾಲಿಸಲೇಬೇಕೇ?

ಹಾಗೇನಿಲ್ಲ. ಅಧ್ಯಕ್ಷರ ಆದೇಶ ಹೆಡ್‌ಮಾಸ್ಟರರ ಸುತ್ತೋಲೆಯಂತೆ: ಶಾಲೆಯ ಮೇಷ್ಟ್ರುಗಳು ಅದರಂತೆ ನಡೆಯಬೇಕು, ಗೇಟಿನಾಚೆಯ ಅಂಗಡಿಯವನು ನಡೆಯಬೇಕಿಲ್ಲ, ಹೊಸ ಹೆಡ್‌ಮಾಸ್ಟರ್ ಬಂದು ರದ್ದು ಮಾಡಲೂಬಹುದು. ಹೊರಗಿನವರನ್ನು ಕಟ್ಟಿಹಾಕಲು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾನೂನಿನ ಆಸರೆ ಬೇಕು. 2023ರ ಅಕ್ಟೋಬರ್ 30ರಂದು ಆಗಿನ ಅಧ್ಯಕ್ಷ ಬೈಡನ್ ಹೊರಡಿಸಿದ ಆದೇಶ, ಅತ್ಯಂತ ಶಕ್ತಿಶಾಲಿ ಎಐ ಮಾದರಿಗಳ ಸುರಕ್ಷತಾ ಪರೀಕ್ಷೆಯ ಫಲಿತಾಂಶವನ್ನು ಸರ್ಕಾರಕ್ಕೆ ಒಪ್ಪಿಸುವಂತೆ ಕಂಪನಿಗಳಿಗೆ ಹೇಳಿತು. ಅದಕ್ಕೆ ಅವರು ಹುಡುಕಿಕೊಂಡ ಆಸರೆ, ಕೊರಿಯಾ ಯುದ್ಧಕಾಲದ 1950ರ ರಕ್ಷಣಾ ಉತ್ಪಾದನಾ ಕಾಯ್ದೆ. ಇಷ್ಟು ಹೊಸ ತಂತ್ರಜ್ಞಾನಕ್ಕೆ ಅಷ್ಟು ಹಳೆಯ ಊರುಗೋಲು! 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಆ ಆದೇಶವನ್ನು ರದ್ದು ಮಾಡಿದರು.

ಕಾಂಗ್ರೆಸ್ ನಿಧಾನ, ಎಐ ಓಡುತ್ತಿದೆ, ಅಧ್ಯಕ್ಷರೇ ಮುಂದಾದರೆ ತಪ್ಪೇನು ಎಂದು ಕೇಳಬಹುದು. ಆತಂಕ ನಿಜವೇ. ಆದರೆ ತುರ್ತು ಇದ್ದ ಮಾತ್ರಕ್ಕೆ ಅಧಿಕಾರ ಹುಟ್ಟುವುದಿಲ್ಲ. 1952ರಲ್ಲಿ, ಕೊರಿಯಾ ಯುದ್ಧ ನಡೆಯುತ್ತಿರುವಾಗಲೇ, ಮುಷ್ಕರ ತಪ್ಪಿಸಲು ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಾಗ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ತಡೆಯಿತು. ನಿಯಂತ್ರಣ ಸಡಿಲಿಸುವ ಅಧ್ಯಕ್ಷರಿಗೂ ಇದೇ ಗೆರೆ. ರಾಜ್ಯಗಳ ಎಐ ಕಾನೂನುಗಳಿಗೆ ತಡೆಯೊಡ್ಡುವ ಪ್ರಸ್ತಾವವನ್ನು 2025ರ ಜುಲೈನಲ್ಲಿ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ 99-1 ಮತಗಳಿಂದ ಕೈಬಿಟ್ಟಿತು. ಅದೇ ಡಿಸೆಂಬರ್‌ನಲ್ಲಿ ಟ್ರಂಪ್, ಅಂಥ ಕಾನೂನುಗಳ ವಿರುದ್ಧ ದಾವೆ ಹೂಡಲು ನ್ಯಾಯ ಇಲಾಖೆಯಲ್ಲಿ ತಂಡ ರಚಿಸುವಂತೆ ಆದೇಶಿಸಿದರು. ತಮ್ಮದೇ ಇಲಾಖೆಗೆ ಹೀಗೆ ಹೇಳಬಹುದು. ರಾಜ್ಯದ ಕಾನೂನನ್ನು ಅಳಿಸಲು ಕೋರ್ಟಿನ ತೀರ್ಪೋ ಕಾಂಗ್ರೆಸ್ಸಿನ ಕಾಯ್ದೆಯೋ ಬರಬೇಕು.