ಬಸ್ಸುಗಳಲ್ಲಿ ಸ್ವಯಂಚಾಲಿತ ಅಗ್ನಿಶಾಮಕ ವ್ಯವಸ್ಥೆ: ಮಾಲೀಕರು ಹಾಗೂ ಚಾಲಕರ ಗಮನಕ್ಕೆ

ಎಂಜಿನ್ ಹಿಂಭಾಗದಲ್ಲಿರುವ ಬಸ್ಸುಗಳಲ್ಲಿ, ಸೋರಿದ ಡೀಸೆಲ್ ಅಥವಾ ತೈಲವು ಕಾದ ಟರ್ಬೊಚಾರ್ಜರಿಗೆ ತಗುಲಿ ಬೆಂಕಿ ಹೊತ್ತಿಕೊಂಡರೆ ಚಾಲಕರಿಗೆ ಕೂಡಲೇ ತಿಳಿಯದಿರಬಹುದು. ಎ.ಐ.ಎಸ್.-135 ಮಾನಕದ ವ್ಯವಸ್ಥೆಯು ಎಂಜಿನ್ ಭಾಗದ ಬೆಂಕಿಯನ್ನು ತಾನಾಗಿಯೇ ಪತ್ತೆಹಚ್ಚಿ, ಚಾಲಕರನ್ನು ಎಚ್ಚರಿಸಿ, ಬೆಂಕಿಯನ್ನು ನಂದಿಸಲು ದ್ರವ್ಯವನ್ನು ಸಿಂಪಡಿಸುತ್ತದೆ. ದೂರ ಪ್ರಯಾಣದ ಬಸ್ಸು ಹಾಗೂ ಶಾಲಾ ಬಸ್ಸುಗಳ ಪ್ರಯಾಣಿಕರ ವಿಭಾಗಕ್ಕೂ ಅಗ್ನಿರಕ್ಷಣೆಯನ್ನು ಕೇಂದ್ರ ಸರ್ಕಾರವು 2022ರ ಜನವರಿ 27ರ ಅಧಿಸೂಚನೆಯ ಮೂಲಕ ವಿಸ್ತರಿಸಿದೆ.

ಈ ವ್ಯವಸ್ಥೆಯು ಪ್ರಯಾಣಿಕರು ಇಳಿಯಲು ಕಾಲಾವಕಾಶ ಒದಗಿಸುತ್ತದೆಯೇ ಹೊರತು ಚಾಲಕರ ಹೊಣೆಯನ್ನು ನಿವಾರಿಸುವುದಿಲ್ಲ. ಎಚ್ಚರಿಕೆ ಬಂದ ಕೂಡಲೇ ಚಾಲಕರು:

1. ಬಸ್ಸನ್ನು ರಸ್ತೆಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡುವುದು.
2. ಬಾಗಿಲುಗಳನ್ನು ತೆರೆದು ಎಲ್ಲರನ್ನೂ ಇಳಿಸುವುದು.
3. ಎಂಜಿನ್ ಮುಚ್ಚಳವನ್ನು ತೆರೆಯದಿರುವುದು. ಗಾಳಿ ಸಿಕ್ಕರೆ ಬೆಂಕಿ ಭುಗಿಲೇಳುತ್ತದೆ.
4. ದೂರವಾಣಿ 112ಕ್ಕೆ ಕರೆ ಮಾಡುವುದು.

ಅರ್ಹತಾ ಪತ್ರಕ್ಕೆ ಅರ್ಜಿ ಸಲ್ಲಿಸುವ ಮುನ್ನ ಮಾಲೀಕರು ಸಿಲಿಂಡರಿನ ಒತ್ತಡ ಮತ್ತು ಎಚ್ಚರಿಕೆ ದೀಪವನ್ನು ಪರಿಶೀಲಿಸಿಕೊಳ್ಳತಕ್ಕದ್ದು.